ಖಾಲಿ ಕುರ್ಚಿಗೆ ಕಡತ ಓದುವ ಫೈಲಕ್ಕ

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ಬೆಳಕಿದೆ. ಒಳಗೆ ಹೆಂಗಸೊಬ್ಬರು ಗಟ್ಟಿಯಾಗಿ ಓದುತ್ತಿದ್ದಾರೆ. “ನಿಮಗೆ ಎಪ್ಪತ್ತೆರಡು ವರ್ಷ. ಹಗ್ಗದ ಕಾರ್ಖಾನೆಯನ್ನು ಈಗ ಸೊಸೆ ನೋಡಿಕೊಳ್ಳುತ್ತಿದ್ದಾರೆ. ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ಭೇಟಿಗೆ ಬಂದವರು ಬಲಗಡೆ ಕೂರಬೇಕು.” ಎದುರಿಗೆ ಬೆತ್ತದ ಕುರ್ಚಿಯೊಂದಿದೆ. ಅದರಲ್ಲಿ ಯಾರೂ ಇಲ್ಲ. ಓದಿ ಮುಗಿಸಿದ ಮೇಲೆ ಆಕೆ ಕುರ್ಚಿಯ ಕಡೆ ನೋಡಿ, ಉತ್ತರಕ್ಕೆ ಕಾಯುವವರಂತೆ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಕಡತ ಮುಚ್ಚುತ್ತಾರೆ. ಕಸ ಗುಡಿಸುವಾಕೆ ಈ ಕೋಣೆಗೆ ಮಾತ್ರ ಎಂಟು ಗಂಟೆ ಕಳೆದ ಮೇಲೇ ಕಾಲಿಡುವುದು. ಆ ಕುರ್ಚಿಯ ಸುತ್ತ ಗುಡಿಸುವಾಗ “ಸ್ವಲ್ಪ ಕಾಲೆತ್ತಿ” ಎಂಬ ಮಾತು ತಾನಾಗಿಯೇ ಬಾಯಿಗೆ ಬಂದುಬಿಡುತ್ತದಂತೆ.

ಓದುತ್ತಿರುವವರನ್ನು ಇಡೀ ಕಚೇರಿ ಫೈಲಕ್ಕ ಎಂದೇ ಕರೆಯುತ್ತದೆ. ದೇಣಿಗೆ ವಿಭಾಗದಲ್ಲಿ ಇಪ್ಪತ್ಮೂರು ವರ್ಷದ ಸೇವೆ, ಅದೂ ವರ್ಷವರ್ಷ ನವೀಕರಿಸುವ ಗುತ್ತಿಗೆಯ ಮೇಲೆ. ವಿಶ್ವವಿದ್ಯಾಲಯಕ್ಕೆ ದೊಡ್ಡ ದೇಣಿಗೆ ಕೊಡಬಲ್ಲವರು ಯಾರು, ಅವರ ಮನಸ್ಸು ಯಾವುದರ ಕಡೆಗಿದೆ, ಯಾವಾಗ ಕೇಳಬೇಕು, ಯಾವಾಗ ಕೇಳಲೇಬಾರದು ಎಂಬುದನ್ನು ಹುಡುಕಿ ಬರೆದಿಡುವುದು ಇವರ ಕೆಲಸ. ಕಡತ ಓದಿಕೊಂಡು ಹೋಗಿ ಸೋಫಾದ ಮೇಲೆ ಕೂತು ಮಾತಾಡುವ ಭೇಟಿ ಅಧಿಕಾರಿಗಳು ಬೇರೆ. ಕಟ್ಟಡ ಎದ್ದ ದಿನ ಚಪ್ಪಾಳೆ, ಫೋಟೊ ಎಲ್ಲ ಅವರ ಪಾಲು. ಫೈಲಕ್ಕ ಅಂದೂ ಇದೇ ಕೋಣೆಯಲ್ಲಿ ಮುಂದಿನ ಕಡತದಲ್ಲಿ ಮುಳುಗಿರುತ್ತಾರೆ.

ಒಟ್ಟು ಆರುನೂರ ಹನ್ನೆರಡು ಕಡತಗಳು. ದಿನಕ್ಕೆ ಆರು ಪತ್ರಿಕೆಗಳು. ಎಲ್ಲದರಲ್ಲೂ ಮೊದಲು ತೆರೆಯುವುದು ನಿಧನದ ಪುಟ. ಒಂಬತ್ತು ಗಂಟೆಗೆ ಶುಭಾಶಯ ಪತ್ರಗಳು ಅಂಚೆಗೆ ಹೋಗುವುದರೊಳಗೆ ತೀರಿಕೊಂಡವರ ಹೆಸರು ತೆಗೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹೆಸರು ಕಣ್ತಪ್ಪಿತ್ತು. ಸತ್ತವರಿಗೆ ಹುಟ್ಟುಹಬ್ಬದ ಶುಭಾಶಯ ಹೋಯಿತು. ಅವರ ಹೆಂಡತಿ ಬರೆದ ಉತ್ತರ ಫೈಲಕ್ಕನ ಮೇಜಿನ ಡ್ರಾಯರಿನಲ್ಲಿ ಇವತ್ತಿಗೂ ಇದೆ. “ಅವರು ಹೋಗಿ ಒಂಬತ್ತು ದಿನವಾಯಿತು. ಮಂಡಿ ನೋವು ಹೇಗಿದೆ ಎಂದು ಕೇಳಿದ್ದೀರಿ. ಈಗ ನೋವಿಲ್ಲ.”

ಆ ಪತ್ರ ಬಂದ ಮಾರನೆಯ ದಿನವೇ ಆಗಿನ ವಿಭಾಗದ ಹಿರಿಯರು, ಎಲ್ಲರ ಬಾಯಲ್ಲಿ ದೊಡ್ಡ ಮೇಷ್ಟ್ರು, ಎಲ್ಲಿಂದಲೋ ಈ ಬೆತ್ತದ ಕುರ್ಚಿಯನ್ನು ಹೊತ್ತು ತಂದು ಎದುರಿಗಿಟ್ಟರು. ಅವರು ಹೇಳಿದ್ದು ಫೈಲಕ್ಕನಿಗೆ ಅಕ್ಷರ ಬಿಡದೆ ನೆನಪಿದೆ. “ಕಡತದಲ್ಲಿರೋರು ಇಲ್ಲೇ ಕೂತಿದಾರೆ ಅಂದ್ಕೊಂಡು ಓದಮ್ಮ. ಯಾವ ಸಾಲು ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳತ್ತೋ ಅದನ್ನ ಹೊಡೆದುಹಾಕು.” ದೊಡ್ಡ ಮೇಷ್ಟ್ರು ಈಗಿಲ್ಲ. ಕುರ್ಚಿಯ ಒಂದು ಕೈ ಮುರಿದು ತಂತಿ ಸುತ್ತಿಸಿಕೊಂಡಿದೆ. ಇಷ್ಟು ವರ್ಷದಲ್ಲಿ ಫೈಲಕ್ಕ ಅದರಲ್ಲಿ ಒಮ್ಮೆಯೂ ಕೂತಿಲ್ಲ.

ಈ ಕೆಲಸದ ಕಷ್ಟ ಕಚೇರಿಯಲ್ಲಿಲ್ಲ, ಬೀದಿಯಲ್ಲಿದೆ. ಔಷಧಿ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರು ಇನ್ನೂರ ನಾಲ್ಕನೇ ಕಡತ ಎಂದು ಗೊತ್ತಾಗುತ್ತದೆ. ಅವರು ತಮ್ಮನೊಡನೆ ಮಾತು ಬಿಟ್ಟದ್ದು, ಸಾಕಿದ ನಾಯಿ ಸತ್ತದ್ದು, ಎಲ್ಲ ಗೊತ್ತು. ಅವರಿಗೆ ಇವರು ಯಾರೋ. ಒಮ್ಮೆ ಬಸ್ಸಿನಲ್ಲಿ ಒಬ್ಬ ಹೆಂಗಸು ಇವರನ್ನೇ ದಿಟ್ಟಿಸಿ, ನಾವು ಎಲ್ಲೋ ತುಂಬಾ ಹೊತ್ತು ಮಾತಾಡಿದ್ದೀವಲ್ವಾ ಎಂದು ಕೇಳಿದರಂತೆ. ಅವರ ಕಡತವನ್ನು ಫೈಲಕ್ಕ ಅಂದು ಬೆಳಿಗ್ಗೆಯಷ್ಟೇ ಓದಿ ಮುಗಿಸಿದ್ದರು. ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟರು.

ಗಂಡ ಬಸ್ ಚಾಲಕ. ಅವರು ಓಡಿಸುವ ದಿನದ ಮೊದಲ ಬಸ್ಸಿನಲ್ಲೇ ಫೈಲಕ್ಕ ಕೆಲಸಕ್ಕೆ ಬರುವುದು. ಊರಿನವರ ವಿಷಯವೆಲ್ಲ ಬೆರಳ ತುದಿಯಲ್ಲಿರುವ ಹೆಂಡತಿ ಮನೆಯಲ್ಲಿ ಏನೊಂದೂ ಕೇಳುವುದಿಲ್ಲ ಎಂಬುದು ಅವರ ದೂರು. “ಸಂಬಳ ಜಾಸ್ತಿಯಾಗಿದ್ದನ್ನ ಮೂರು ತಿಂಗಳು ಹೇಳದೆ ನೋಡಿದೆ. ಇವಳು ಕೇಳಲೇ ಇಲ್ಲ. ಕೊನೆಗೆ ನನಗೇ ತಡೆಯಕ್ಕಾಗ್ಲಿಲ್ಲ” ಎಂದು ನಗುತ್ತಾರೆ.

ನಾಲ್ಕು ವರ್ಷದ ಹಿಂದೆ ಫೈಲಕ್ಕನ ಗುತ್ತಿಗೆ ಕೈತಪ್ಪುವುದರಲ್ಲಿತ್ತು. ಹೊಸ ಪ್ರಯೋಗಾಲಯಕ್ಕೆ ದಾನಿ ಬೇಕಿತ್ತು. ದೇಣಿಗೆ ವಿಭಾಗದ ಆಗಿನ ನಿರ್ದೇಶಕರ ಕಣ್ಣು ಗಾಜಿನ ಕಾರ್ಖಾನೆಯ ಹಿರಿಯರೊಬ್ಬರ ಮೇಲಿತ್ತು. ವಿಭಾಗದಲ್ಲಿ ಅವರಿಗೆ ಗಾಜಿನ ಯಜಮಾನರು ಎಂದು ಹೆಸರು. ಭೇಟಿ ಅಧಿಕಾರಿಗಳು ಏಳು ವರ್ಷ ಬೆನ್ನು ಹತ್ತಿದರೂ ಅವರು ಜಗ್ಗಿರಲಿಲ್ಲ. ಆಗ ಫೈಲಕ್ಕನಿಗೆ ಹಳೆಯ ಹಾಸ್ಟೆಲ್ ದಾಖಲೆಯಲ್ಲಿ ಒಂದು ಹೆಸರು ಸಿಕ್ಕಿತು. ಮಕ್ಕಳಿಲ್ಲ ಎಂದೇ ಎಲ್ಲರೂ ತಿಳಿದಿದ್ದ ಯಜಮಾನರಿಗೆ ಒಬ್ಬಳು ಮಗಳಿದ್ದಳು. ಇದೇ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದಾಗ ಆವರಣದ ಹಿಂದಿನ ಕೊಳದಲ್ಲಿ ಕಾಲು ಜಾರಿ ಬಿದ್ದು ಮುಳುಗಿದ್ದಳು. ಆಮೇಲೆ ಯಜಮಾನರು ಆ ಹೆಸರೆತ್ತಿದ್ದನ್ನು ಕೇಳಿದವರಿಲ್ಲ.

ಫೈಲಕ್ಕ ಆ ಸಾಲು ಬರೆದರು. ಮರುದಿನ ಬೆಳಿಗ್ಗೆ ಕುರ್ಚಿಗೆ ಓದುವಾಗ ಅಲ್ಲಿಗೆ ಬಂದು ಗಂಟಲು ಕಟ್ಟಿತು. ಹೊಡೆದುಹಾಕಿದರು. ಏನೋ ಸಿಕ್ಕಿದೆ ಎಂಬ ವಾಸನೆ ಹಿಡಿದ ನಿರ್ದೇಶಕರು ಕೋಣೆಗೇ ಬಂದು, ಎಲ್ಲಿ ಮುಟ್ಟಿದರೆ ಆ ಮನುಷ್ಯ ಕರಗುತ್ತಾನೆ ಎಂಬುದು ಕಡತದಲ್ಲಿ ಇರಲೇಬೇಕು, ತಿಂಗಳ ಕೊನೆಯೊಳಗೆ ಬರೆಯದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಹೇಳಿ ಹೋದರು. ಫೈಲಕ್ಕ ಬರೆಯಲಿಲ್ಲ. ಆ ದಿನಗಳಲ್ಲಿ ನಿದ್ದೆ ಹತ್ತುತ್ತಿರಲಿಲ್ಲ, ನಿಜವಾಗಿ ಹೆದರಿಕೆಯಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತಾರೆ.

ತಿಂಗಳು ಮುಗಿಯಲು ಮೂರು ದಿನವಿದ್ದಾಗ ಬೆಳಿಗ್ಗೆ, ಸರದಿಯ ದಿನ ಅಲ್ಲದಿದ್ದರೂ, ಅದೇ ಕಡತವನ್ನು ಮತ್ತೆ ಓದುತ್ತಿದ್ದರು. ಎರಡನೇ ಪುಟದ ನಡುವೆ ಬೆತ್ತ ಕಿರ್ರೆಂದಿತು. ಚಳಿಗೆ ಹಾಗಾಗುವುದುಂಟು ಎಂದುಕೊಂಡು ತಲೆಯೆತ್ತದೆ ಮುಂದುವರಿಸಿದರು. ಕೊನೆಯ ಸಾಲು ಮುಗಿಸಿ, ಎಂದಿನಂತೆ ಕುರ್ಚಿಯ ಕಡೆ ನೋಡಿದರೆ, ಅದರಲ್ಲಿ ಮುದುಕರೊಬ್ಬರು ಮೊಣಕಾಲ ಮೇಲೆ ಕೈಯೂರಿ ಕೂತಿದ್ದರು. ಫೋಟೊದಲ್ಲಿ ನೂರು ಸಲ ಕಂಡಿದ್ದ ಮುಖ.

ಹಿಂದಿನ ವಾರ ಒಬ್ಬ ಭೇಟಿ ಅಧಿಕಾರಿ ಕೇಳದೆಯೇ ಯಜಮಾನರಿಗೆ ಸಕ್ಕರೆ ಹಾಕದ ಕಾಫಿ ಕೊಟ್ಟಿದ್ದರಂತೆ. ತಾನು ಹೇಳದ್ದು ಇವರಿಗೆ ಹೇಗೆ ಗೊತ್ತು ಎಂದು ಕೆದಕಿದಾಗ ಕಡತದ ಸುದ್ದಿ, ಬೆಳಗಿನ ಓದಿನ ಸುದ್ದಿ ಎರಡೂ ಹೊರಬಿದ್ದಿದ್ದವು.

“ಒಂದು ಸಾಲು ಕಡಿಮೆ ಇದೆ” ಎಂದರು ಯಜಮಾನರು.

“ಹೌದು. ಬರೆದಿಲ್ಲ.”

“ಗೊತ್ತಿದೆಯಾ?”

“ಗೊತ್ತಿದೆ.”

ಅವರು ತಂತಿ ಸುತ್ತಿದ ಕುರ್ಚಿಯ ಕೈಯನ್ನು ಸವರುತ್ತಿದ್ದರು. ಎಷ್ಟು ವರ್ಷದಿಂದ ಹೀಗೆ ಓದುತ್ತಿದ್ದೀರಿ ಎಂದು ಕೇಳಿದರು. ನಿಮ್ಮದನ್ನು ಏಳು ವರ್ಷದಿಂದ, ತಿಂಗಳ ಮೊದಲ ಸೋಮವಾರ ಎಂದರು ಫೈಲಕ್ಕ. ಯಜಮಾನರ ಕೈ ನಿಂತಿತು. “ಅದಕ್ಕೇ ಇರಬೇಕು. ಕೆಲವು ಸೋಮವಾರ ಇದೇ ಹೊತ್ತಿಗೆ ಯಾರೋ ನನ್ನ ವಿಷಯ ಮಾತಾಡಿದ ಹಾಗಾಗಿ ಎಚ್ಚರ ಆಗತ್ತೆ” ಎಂದು ಎದ್ದು ಹೋದರು.

ಎರಡೇ ದಿನದಲ್ಲಿ ಕುಲಪತಿಗಳಿಗೆ ಅವರ ಪತ್ರ ಬಂತು. ಪ್ರಯೋಗಾಲಯಕ್ಕೆ ಏನೂ ಇಲ್ಲ. ಹಿಂದಿನ ಕೊಳದ ಸುತ್ತ ಎದೆಮಟ್ಟದ ಕಬ್ಬಿಣದ ಬೇಲಿ ಹಾಕಿಸಿಕೊಡುತ್ತೇನೆ, ಅದರ ಮೇಲೆ ಯಾರ ಹೆಸರೂ ಬೇಡ, ನನ್ನ ಕಡತ ಈಗ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಇರಲಿ ಎಂದಿತ್ತು. ಗುತ್ತಿಗೆ ಉಳಿಯಿತು. ನಿರ್ದೇಶಕರು ವರ್ಷದೊಳಗೆ ಬೇರೆ ಕಡೆ ಹೋದರು.

ಬೇಲಿ ಮುಗಿದ ಮೇಲಿನ ಮೊದಲ ಸೋಮವಾರ. ಫೈಲಕ್ಕ ಯಜಮಾನರ ಕಡತ ಓದಿ ಮುಗಿಸಿದರು. ಮುಚ್ಚುವ ಮುನ್ನ, ಏಕೆಂದು ಅವರಿಗೂ ಗೊತ್ತಿಲ್ಲ, ಕಡತದಲ್ಲಿಲ್ಲದ ಆ ಹುಡುಗಿಯ ಹೆಸರನ್ನು ಖಾಲಿ ಕುರ್ಚಿಗೆ ಕೇಳಿಸುವಂತೆ ಒಮ್ಮೆ ಹೇಳಿದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಏಳು ಗಂಟೆಗೆ ಫೋನ್ ಬಂತು. ಯಜಮಾನರು ಅದಕ್ಕೆ ಮೊದಲು ಯಾವತ್ತೂ ಫೋನ್ ಮಾಡಿದವರಲ್ಲ.

“ಇವತ್ತು ಕೊನೆಗೆ ಏನಾದರೂ ಸೇರಿಸಿದ್ರಾ?”

“ಸೇರಿಸಿದೆ. ಬಾಯಲ್ಲಿ ಮಾತ್ರ.”

ಯಜಮಾನರು, ಮುಂದಿನ ತಿಂಗಳೂ ಸೇರಿಸಿ ಎಂದು ಹೇಳಿ ಫೋನ್ ಇಟ್ಟರು.

ಇದನ್ನು ಅಚ್ಚು ಹಾಕಲು ಯಜಮಾನರು ಒಪ್ಪಿದ್ದಾರೆ, ಹೆಸರುಗಳು ಬೇಡ ಎಂಬ ಷರತ್ತಿನ ಮೇಲೆ. ಫೈಲಕ್ಕನೂ ಒಪ್ಪಿದ್ದಾರೆ, ಅಚ್ಚಿಗೆ ಮುಂಚೆ ಇದನ್ನೂ ಆ ಕುರ್ಚಿಗೆ ಓದಿದ ಮೇಲೆ. ಓದುವಾಗ ಎಲ್ಲಾದರೂ ಗಂಟಲು ಕಟ್ಟಿತೇ ಎಂದರೆ ಇಲ್ಲ ಎಂದು ತಲೆಯಾಡಿಸುತ್ತಾರೆ. ನಿವೃತ್ತಿಗೆ ಇನ್ನು ಆರು ವರ್ಷ. ಇರುವುದು ಒಂದೇ ಆಸೆ. ಮುಂದೆ ಈ ಜಾಗಕ್ಕೆ ಬರುವವರು ಕುರ್ಚಿಯನ್ನು ಎತ್ತಿಹಾಕದೆ ಇಟ್ಟುಕೊಂಡರೆ ಸಾಕು.

“ಆರುನೂರ ಹನ್ನೆರಡು ಕಡತಾನೂ ನೋಡಿಕೊಂಡೇ ಓದೋದು ನಾನು” ಎನ್ನುತ್ತಾ ಫೈಲಕ್ಕ ದೀಪ ಆರಿಸುತ್ತಾರೆ. ಹೊರಗೆ ಬೆಳಕಾಗಿದೆ. “ನೋಡದೆ ಹೇಳೋದು ಅದೊಂದೇ ಹೆಸರು.”