ಉಪ್ಪು ಬಿಟ್ಟ ಹರಕೆ

ನನ್ನ ಮಗಳಿಗೆ ಉಪ್ಪೆಂದರೆ ಪ್ರಾಣ. ಮಜ್ಜಿಗೆಗೆ ಉಪ್ಪು, ಮಾವಿನಕಾಯಿಗೆ ಉಪ್ಪು, ಕಲಸಿದ ಅನ್ನದ ಮೇಲೆ ಮತ್ತೊಂದು ಚಿಟಿಕೆ, ಏನೂ ಸಿಗದಿದ್ದರೆ ಬರೀ ಕಲ್ಲುಪ್ಪು. ಒಗೆಯಲು ಅವಳ ಯೂನಿಫಾರ್ಮಿನ ಜೇಬು ತಿರುಗಿಸಿದರೆ ಹರಳುಗಳು ಉದುರುತ್ತಿದ್ದವು. ಇವಳನ್ನು ಸಮುದ್ರಕ್ಕೇ ಮದುವೆ ಮಾಡಿ ಕೊಡೋಣ ಎಂದು ಅವಳಪ್ಪ ಗೇಲಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಆರನೇ ಕ್ಲಾಸಿಗೆ ಬಂದ ಮೇಲೆ ಅವಳ ಕಾಲು ಹಿಡಿದುಕೊಳ್ಳತೊಡಗಿತು. ಬರೆಯುವಾಗ ಬೆರಳು ಸೆಟೆದುಕೊಂಡು ಪೆನ್ನು ಜಾರುತ್ತಿತ್ತು. ಮಹಡಿ ಹತ್ತಲು ಹೊರಟವಳು ಅರ್ಧದಲ್ಲೇ ಕುಳಿತುಬಿಡುತ್ತಿದ್ದಳು. ಹತ್ತಿರದ ಅವಿನಾಶಿ ಊರಿನ ಡಾಕ್ಟರಿಗೆ ತೋರಿಸಿದೆವು, ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಬಾಟಲಿ ಖಾಲಿಯಾಯಿತು, ಕಾಲು ಸರಿಹೋಗಲಿಲ್ಲ. ಅವಳು ಮಲಗಿದ್ದಾಗೆಲ್ಲ ಹೋಗಿ ಕಾಲು ಮುಟ್ಟಿ ನೋಡುವುದು ನನಗೆ ರೂಢಿಯಾಯಿತು. ಏನನ್ನು ಹುಡುಕುತ್ತಿದ್ದೆನೋ ನನಗೇ ತಿಳಿಯದು.

ಆಗ ನಮ್ಮತ್ತೆ ಮನೆದೇವರು ಚೌಡಮ್ಮನಿಗೆ ಹರಕೆ ಹೊತ್ತರು. ಅಮಾವಾಸ್ಯೆಯವರೆಗೆ ಉಪ್ಪಿಲ್ಲದ ಊಟ. ಹೊತ್ತ ಅವರಿಗೂ, ಯಾರಿಗಾಗಿ ಹೊತ್ತರೋ ಆ ಮಗುವಿಗೂ. ಕಾಲೂ ವಾಸಿಯಾಗುತ್ತದೆ, ಹಾಳು ಉಪ್ಪಿನ ಚಟವೂ ಬಿಡುತ್ತದೆ ಎಂಬುದು ಅವರ ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಆದರೆ ದೇವರ ವಿಷಯದಲ್ಲಿ ಅತ್ತೆಗೆ ಎದುರಾಡುವ ಮನೆಯಲ್ಲ ನಮ್ಮದು. ಇವಳು ಅರ್ಧ ದಿನವೂ ತಡೆಯಲಾರಳು, ಕದ್ದಾದರೂ ತಿನ್ನುತ್ತಾಳೆ ಎಂದು ಸುಮ್ಮನಾದೆ.

ಅವಳು ಕದಿಯಲಿಲ್ಲ. ಸಪ್ಪೆ ಮೊಸರನ್ನವನ್ನು ಒಂದೊಂದೇ ತುತ್ತು ನುಂಗಿ, ಮೇಲೆ ಚೊಂಬುಗಟ್ಟಲೆ ನೀರು ಕುಡಿದು ಎದ್ದುಹೋಗುತ್ತಿದ್ದಳು. ಉಪ್ಪಿನ ಜಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆಗೆ ಹೆಮ್ಮೆ. ಆದರೆ ಹಟಮಾರಿ ಹುಡುಗಿ ಇಷ್ಟು ಮೆತ್ತಗಾದರೆ ತಾಯಿಗೆ ನಿದ್ದೆ ಬರುವುದುಂಟೇ?

ಒಂದು ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಹೊತ್ತಾದರೂ ಅವಳು ಚಾಪೆ ಬಿಟ್ಟು ಏಳಲಿಲ್ಲ. ಕೂಗಿದೆ, ರೇಗಿದೆ, ಹೋಗಿ ಎಬ್ಬಿಸಿದೆ.

"ಅಮ್ಮಾ, ಕಾಲು ಎತ್ತಕ್ಕೆ ಆಗ್ತಿಲ್ಲ," ಎಂದಳು.

ಅವಳಪ್ಪ ಮಗ್ಗಗಳನ್ನು ನಿಲ್ಲಿಸಿ ಓಡಿ ಬಂದರು. ಪಕ್ಕದ ಮನೆಯವರ ಕಾರಿನಲ್ಲಿ ಅತ್ತೆಯೂ ಸೇರಿ ಕೊಯಮತ್ತೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವಳ ಎದೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ. ಆಸ್ಪತ್ರೆಯಲ್ಲಿ ಎದೆಗೆ ವೈರುಗಳನ್ನು ಅಂಟಿಸಿದರು. ಪರದೆಯ ಮೇಲೆ ಗೆರೆ ಎದ್ದು ಬಿದ್ದು ಓಡುತ್ತಿತ್ತು. ಪೊಟ್ಯಾಸಿಯಮ್ ತೀರಾ ಇಳಿದಿದೆ, ಹೃದಯದ ಬಡಿತ ತಪ್ಪಬಹುದು, ನೋಡುತ್ತಿರಬೇಕು ಎಂದರು. ಹಾಗೆಂದ ಮೇಲೆ ಆ ಗೆರೆಯಿಂದ ಕಣ್ಣು ಕೀಳುವುದು ಹೇಗೆ?

ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಈ ಮಗು ಉಪ್ಪು ಜಾಸ್ತಿ ತಿನ್ನುತ್ತಾಳಾ ಎಂದು. ಮುಂಚೆ ತಿನ್ನುತ್ತಿದ್ದಳು, ಈಗ ಪೂರ್ತಿ ಬಿಡಿಸಿದ್ದೇವೆ ಎಂದರು ಅತ್ತೆ, ಸಂಭ್ರಮದಿಂದ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದರು.

ರಕ್ತ, ಮೂತ್ರದ ಪರೀಕ್ಷೆಯೆಲ್ಲ ಆದಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಿಡ್ನಿಯೊಳಗೆ ತೀರಾ ಸಣ್ಣ ನಳಿಕೆಗಳಿವೆ. ರಕ್ತದಿಂದ ಸೋಸಿ ಬಂದ ಉಪ್ಪನ್ನು ಆ ನಳಿಕೆಗಳ ಜೀವಕೋಶಗಳು ಎಳೆದುಕೊಂಡು ರಕ್ತಕ್ಕೆ ವಾಪಸು ಕೊಡುತ್ತವೆ. ಉಪ್ಪಿನ ಜೊತೆಗೆ ಪೊಟ್ಯಾಸಿಯಮ್ಮೂ ಜೀವಕೋಶದೊಳಗೆ ಬರುತ್ತದೆ. ಅದು ಒಂದು ಪುಟ್ಟ ಬಾಗಿಲಿನಿಂದ ಮತ್ತೆ ನಳಿಕೆಗೆ ಹೋದರೆ ಮಾತ್ರ ಮುಂದಿನ ಉಪ್ಪನ್ನು ಎಳೆದು ತರಲು ಸಾಧ್ಯ. ಲಾಳಿ ಆ ಕಡೆಗೆ ವಾಪಸು ಹೋಗದಿದ್ದರೆ ಮಗ್ಗ ನಿಂತ ಹಾಗೆ ಎಂದು ನನ್ನ ಗಂಡ ತಮಗೆ ತಾವೇ ಹೇಳಿಕೊಂಡರು. ನನ್ನ ಮಗಳಲ್ಲಿ ಆ ಬಾಗಿಲು ಹುಟ್ಟಿನಿಂದಲೇ ಸರಿಯಾಗಿ ತೆರೆಯುವುದಿಲ್ಲವಂತೆ. ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ. ಅಳಿದುಳಿದದ್ದನ್ನು ಹಿಡಿದಿಟ್ಟುಕೊಳ್ಳಲು ಕಿಡ್ನಿ ನಳಿಕೆಯ ಮುಂದಿನ ಭಾಗದಲ್ಲಿ ಪೊಟ್ಯಾಸಿಯಮ್ಮನ್ನು ಹೊರಗೆ ತಳ್ಳುತ್ತದೆ, ಅದು ಕಡಿಮೆಯಾಗಿಯೇ ಕೈಕಾಲು ಸೋಲುವುದು. ದೋಷ ಅಷ್ಟು ಜೋರಾಗಿಲ್ಲದ್ದರಿಂದ ಇಷ್ಟು ವರ್ಷ ಉಪ್ಪು ತಿಂದು ತಿಂದೇ ಹೇಗೋ ನಿಭಾಯಿಸಿದ್ದಾಳೆ ಎಂದರು. ಇನ್ನು ಮುಂದೆ ಕೇಳಿದಷ್ಟು ಉಪ್ಪು ಕೊಡಿ, ಜೊತೆಗೆ ದಿನಾ ಪೊಟ್ಯಾಸಿಯಮ್ ಔಷಧಿ. ಈಗ ಮೊದಲು ಉಪ್ಪು ಹಾಕಿದ ಗಂಜಿ ಕುಡಿಸಿ.

ಅತ್ತೆಯನ್ನು ಹಿಡಿದು ನಾಲ್ಕು ಮಾತು ಬೈಯಬೇಕೆಂದುಕೊಂಡಿದ್ದೆ. ಮೊದಲು ಮಗುವಿನ ಹೊಟ್ಟೆಗೆ ಏನಾದರೂ ಬೀಳಲಿ ಎಂದು ಗಂಜಿ ತಂದೆ. ಅವಳು ಉಪ್ಪು ಹಾಕಿದ್ದೆಂದು ತಿಳಿದು ತುಟಿ ಬಿಗಿದುಕೊಂಡಳು. ಅಪ್ಪ ಬೇಡಿಕೊಂಡರೂ ಇಲ್ಲ, ನರ್ಸ್ ಗದರಿಸಿದರೂ ಇಲ್ಲ. ಅಮಾವಾಸ್ಯೆ ಇನ್ನೂ ಬಂದಿಲ್ಲವಂತೆ. ಚೌಡಮ್ಮ ನಿನ್ನ ಮೇಲೆ ಕೋಪ ಮಾಡಿಕೊಳ್ಳಲ್ಲ, ಕುಡಿ ತಾಯಿ ಎಂದೆ.

"ನನ್ನ ಮೇಲಲ್ಲ," ಎಂದಳು, ದನಿ ಏಳದೆ. "ನಡುವೆ ಬಿಟ್ಟರೆ ಹರಕೆ ಹೊತ್ತವರಿಗೇ ಕೇಡಾಗುತ್ತಂತೆ. ಅಜ್ಜಿ ಸತ್ತುಹೋಗ್ತಾರೆ."

ಕಾಲ ಬಳಿ ನಿಂತಿದ್ದ ಅತ್ತೆ ಇದನ್ನು ಕೇಳಿದರು. ಆ ಮಾತನ್ನು ಮನೆಯಲ್ಲಿ ನಂಬುವವರು ಯಾರಾದರೂ ಇದ್ದರೆ ಅದು ಅವರೇ. ಅವರು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡರು. ಕಿತ್ತುಕೊಂಡ ರಭಸಕ್ಕೆ ಗಂಜಿ ಸೀರೆಯ ಮೇಲೆಲ್ಲ ಚೆಲ್ಲಿತು. ಕಣ್ಣು ಮುಚ್ಚಿ ಒಂದು ದೊಡ್ಡ ಗುಟುಕು ಕುಡಿದರು.

"ನೋಡು, ನನ್ನ ಕಣ್ಣೂ, ನಾನೇ ಮೊದಲು ಮುರಿದೆ. ಬರೋದು ನನಗೇ ಬರಲಿ. ನೀನು ಕುಡಿ ಸಾಮಿ."

ಅವಳು ಬಾಯಿ ತೆರೆದಳು. ಒಂದೊಂದು ಗುಟುಕಿಗೂ ಅಜ್ಜಿಗೆ ಏನಾದರೂ ಆಗುತ್ತಿದೆಯೇ ಎಂದು ಅವರ ಮುಖವನ್ನೇ ನೋಡುತ್ತ ಕುಡಿದಳು. ನಾನೂ ನೋಡುತ್ತಿದ್ದೆ.