ಕೊಪ್ಪರಿಗೆಯ ಕೆಂಪು, ಜೀಪಿನ ಎಣ್ಣೆ

ಜಮಖಂಡಿಯ ಮಿಸ್ತ್ರಿಯ ಕೆಮ್ಮು ನನಗೆ ಬರುತ್ತಿತ್ತು, ಕೆಲಸ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಫಜೀತಿಗೆಲ್ಲ ಇದೇ ಮೂಲ. ಅವನು ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಜೀಪಿನ ಕೆಳಗೆ ಹೇಗೆ ನುಸುಳುತ್ತಿದ್ದ, ಹೊರಗೆ ಉಳಿದ ಕಾಲುಗಳನ್ನು ಹೇಗೆ ಒಂದರ ಮೇಲೊಂದು ಹಾಕುತ್ತಿದ್ದ, ಒಳಗಿನಿಂದಲೇ ಚಹಾ ಎಲ್ಲಿಗೆ ಬಂತು ಎಂದು ಹೇಗೆ ಕೂಗುತ್ತಿದ್ದ, ಎಲ್ಲವನ್ನೂ ನಾನು ಸಂಜೆ ಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದೆ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುತ್ತ ನಗುತ್ತ ಮನೆಯವರಿಗೆಲ್ಲ, ಇವನಿಗೆ ಮಿಸ್ತ್ರಿ ಕೆಲಸವೂ ಬರುತ್ತದೆ ಎಂಬ ನಂಬಿಕೆ ಬಂತು. ದುರ್ದೈವವೆಂದರೆ ಅದೇ ನಂಬಿಕೆ ನನಗೂ ಬಂತು.

ಆಗಿನ್ನೂ ಸಂಸ್ಥಾನದ ಕಾಲ. ಬನಹಟ್ಟಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಅಪ್ಪ ಕೊಪ್ಪರಿಗೆಯ ಮುಂದೆ ನಿಂತರೆ, ಅವನ ತಮ್ಮ, ನಮ್ಮ ಕಾಕಾ, ಊರೂರಿಗೆ ಸೀರೆ ಒಯ್ದು ಮಾರುತ್ತಿದ್ದ. ಅಪ್ಪನ ಕೆಂಪು ಬಣ್ಣಕ್ಕೆ ಸುತ್ತಲಿನ ನೇಕಾರರಲ್ಲಿ ಹೆಸರಿತ್ತು. ಅಕ್ಕನ ಮದುವೆಯಲ್ಲಿ ಬೀಗಿತ್ತಿಗೆ ಕೊಟ್ಟ ಸೀರೆಯ ದಡಿ, ಸೆರಗಿನ ನೂಲನ್ನು ಅಪ್ಪ ಬೇರೆ ಯಾರ ಕೈಗೂ ಕೊಡದೆ ತಾನೇ ಅದ್ದಿ ತೆಗೆದಿದ್ದ. ಯುದ್ಧ ಮುಗಿದು ಮಿಲಿಟರಿಯವರು ಹಳೆಯ ಜೀಪುಗಳನ್ನು ಹರಾಜಿಗೆ ಇಟ್ಟಾಗ ಕಾಕಾ ಬೆಳಗಾವಿ ಕಡೆಯಿಂದ ಒಂದನ್ನು ಹೊಡೆದುಕೊಂಡು ಬಂದ. ನಾಲ್ಕೂ ಗಾಲಿ ಎಳೆಯುತ್ತವೆ, ಎಂಥ ಕೆಸರೂ ಇದಕ್ಕೆ ಅಂಗಳ ಎಂದು ಅವನು ಹೇಳಿಕೊಂಡು ತಿರುಗಿದ. ಹಾಗೆ ಹೇಳುವಾಗ ಅವನು ಮೀಸೆ ತಿರುವುತ್ತಿದ್ದುದನ್ನೂ ನಾನು ಕಲಿತುಕೊಂಡಿದ್ದೆ, ನನಗೆ ಮೀಸೆ ಇರಲಿಲ್ಲ ಅಷ್ಟೆ.

ಅಕ್ಕನನ್ನು ಕೃಷ್ಣೆಯ ದಂಡೆಯ ಗಲಗಲಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಸೀಮಂತದ ಕುಬಸಕ್ಕೆ ಹೋಗಿ ಬಂದ ಅವ್ವ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ. ಮಗಳ ಕಾಲು ಬಾತಿವೆ, ಮುಖ ಊದಿದೆ, ಕಣ್ಣಿಗೆ ಮಂಜು ಕವಿಯುತ್ತದೆ ಎನ್ನುತ್ತಾಳೆ ಎಂದು ಒಂದನ್ನೇ ಹತ್ತು ಸಲ ಹೇಳುತ್ತಿದ್ದಳು. ಜಮಖಂಡಿಯ ದವಾಖಾನೆಯ ನರ್ಸಬಾಯಿಯನ್ನು ಕೇಳಿದರೆ, ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವ್ವನ ಮುಖ ನೋಡಿ, ಇಂಥ ಬಸುರಿ ದವಾಖಾನೆಗೆ ಹತ್ತಿರದಲ್ಲೇ ಇರಬೇಕು, ತಡ ಮಾಡಬೇಡಿ ಎಂದಳಂತೆ. ಅಕ್ಕನ ಅತ್ತೆ ಕಳಿಸುವುದಿಲ್ಲ ಎನ್ನಲಿಲ್ಲ. ಆದರೆ ಅಮಾವಾಸ್ಯೆ ಬಂತೆಂದರೆ ಸೊಸೆ ಎಂಟನೇ ತಿಂಗಳಿಗೆ ಬೀಳುತ್ತಾಳೆ, ಎಂಟರಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸುವ ಪದ್ಧತಿ ತಮ್ಮಲ್ಲಿಲ್ಲ, ಅದಕ್ಕಿಂತ ಮೊದಲು ಬಂದರೆ ಮಾತ್ರ ಕಳಿಸುವುದು ಎಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಅಕಾಲದ ಮಳೆ ಸುರಿದು ಗಲಗಲಿಯ ಎರೆ ಮಣ್ಣಿನ ದಾರಿಯಲ್ಲಿ ಎತ್ತಿನ ಗಾಡಿಗಳು ಅಚ್ಚಿನವರೆಗೆ ಹೂತುಕೊಳ್ಳತೊಡಗಿದವು. ಹೀಗಾಗಿ ಜೀಪೇ ಗತಿ ಎಂದಾಯಿತು.

ಅದೇ ವಾರ ಕಾಕಾ ಜೀಪನ್ನು ಊರ ಹೊರಗಿನ ಹಳ್ಳಕ್ಕೆ ಇಳಿಸಿದ. ನಡುಹಳ್ಳದಲ್ಲಿ ಅದು ಬಂದ್ ಬಿತ್ತು. ಎತ್ತು ತಂದು ಎಳೆಯುವ ತನಕ ಅಚ್ಚು ಮುಳುಗುವಷ್ಟು ನೀರಿನಲ್ಲಿ ನಿಂತೇ ಇತ್ತು. ಕಾಕಾ ಧೋತರ ಎತ್ತಿ ಹಿಡಿದು ನೀರಿನಲ್ಲಿ ನಿಂತ ಭಂಗಿಯನ್ನು ನಾನು ರಾತ್ರಿ ಊಟದ ಹೊತ್ತಿಗೆ ಮಾಡಿ ತೋರಿಸಿದೆ. ಯಾರೂ ನಗಲಿಲ್ಲ. ಬೆಳಿಗ್ಗೆ ನೋಡಿದರೆ ಹಿಂದಿನ ಗಾಲಿಗಳ ನಡುವಿನ ಗುಂಡು ಡಬ್ಬಿಯ ಕೆಳಗೆ ನೆಲದ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ ಹನಿ ಬಿದ್ದಿತ್ತು. ಚಕ್ರ ತಿರುಗಿಸುವ ಹಲ್ಲುಗಳೆಲ್ಲ ಆ ಡಬ್ಬಿಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಮಿಸ್ತ್ರಿ ಹಿಂದೊಮ್ಮೆ ನಮ್ಮ ಅಂಗಳದಲ್ಲೇ ಎಣ್ಣೆ ಬದಲಿಸುವಾಗ ಹೇಳಿದ್ದ: ನೀರು ಹೊಕ್ಕರೆ ಎಣ್ಣೆ ಮಜ್ಜಿಗೆಯಾಗುತ್ತದೆ, ಮಜ್ಜಿಗೆಯ ಮೇಲೆ ಗಾಡಿ ಓಡಿಸಿದರೆ ಹಲ್ಲು ಸವೆದು ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಎಲ್ಲಿ ಬೇಕೋ ಅಲ್ಲಿ ಎಂದರೆ ನಮಗೆ ಒಂದೇ ಜಾಗ ಕಾಣುತ್ತಿತ್ತು. ಗಲಗಲಿಯ ದಾರಿಯ ನಟ್ಟನಡುವೆ, ಕೆಸರಿನಲ್ಲಿ, ಅಕ್ಕ ಒಳಗೆ ಕುಳಿತಿರುವಾಗ.

ಮಿಸ್ತ್ರಿಗೆ ಹೇಳಿ ಕಳಿಸಿದರೆ ಅವನು ಮಿರಜ ಕಡೆ ಯಾರದೋ ಮದುವೆಗೆ ಹೋಗಿದ್ದ. ಬರುವುದು ಅಮಾವಾಸ್ಯೆ ಕಳೆದ ಮೇಲೆ. ಮರುದಿನ ಬೆಳಿಗ್ಗೆ ಹೊರಡದಿದ್ದರೆ ಅದರ ಮರುದಿನವೇ ಅಮಾವಾಸ್ಯೆ. ಎಣ್ಣೆಯ ಡಬ್ಬಗಳು ಮನೆಯಲ್ಲಿದ್ದವು, ಪಾನಾ ಇತ್ತು. ಕಾಕಾ ನನ್ನ ಕಡೆ ತಿರುಗಿದ.

“ದಿನಾ ಸುಳ್ಳೇ ಮಾಡಿ ತೋರಸ್ತೀಯಲ್ಲಲೇ. ಇವತ್ತೊಂದ ದಿನ ಖರೇನ ಮಾಡು.”

ನಾನು ಮಿಸ್ತ್ರಿಯ ಹಾಗೆ ಕೆಮ್ಮಿದೆ. ಆ ಕೆಮ್ಮಿನಿಂದ ಅವ್ವನಿಗೂ ಧೈರ್ಯ ಬಂತು. ಪಾಪ.

ಜೀಪನ್ನು ಕೊಪ್ಪರಿಗೆಯ ಚಪ್ಪರದ ಪಕ್ಕ ನಿಲ್ಲಿಸಿ, ನಾನು ಬೆನ್ನ ಮೇಲೆ ಕೆಳಗೆ ನುಸುಳಿದೆ. ಕಾಲು ಒಂದರ ಮೇಲೊಂದು ಹಾಕಿದೆ. ಮಿಸ್ತ್ರಿ ಕೆಲಸ ಸುರು ಮಾಡುವ ಮೊದಲು ಗುಂಡು ಡಬ್ಬಿಯ ಮಗ್ಗುಲಿನ ಬೋಲ್ಟಿಗೆ ಪಾನಾ ತಾಗಿಸಿ, ‘ಹೂಂ’ ಎನ್ನುತ್ತಿದ್ದ. ಅದು ಗಾಡಿಗೆ ಮಾಡುವ ನಮಸ್ಕಾರ ಎಂದು ನಾನು ತಿಳಿದಿದ್ದೆ. ನಾನೂ ಪಾನಾ ತಾಗಿಸಿ, ಅವನಷ್ಟೇ ದಪ್ಪ ದನಿಯಲ್ಲಿ ‘ಹೂಂ’ ಎಂದೆ. ಹೊರಗೆ ಕಾಕಾ ನಕ್ಕಿದ್ದು ಕೇಳಿಸಿತು. ಆಮೇಲೆ ಕೆಳಗಿನ ಬೋಲ್ಟಿಗೆ ಕೈ ಹಾಕಿದೆ.

ನಮ್ಮ ಮನೆಯಲ್ಲಿ ಒಂದು ನೇಮವಿದೆ. ಕೊಪ್ಪರಿಗೆಯ ಹಳೆಯ ಬಣ್ಣ ಕಡೆಯ ಹನಿಯವರೆಗೆ ಬಸಿದು ಹೋಗುವ ತನಕ ಹೊಸ ಬಣ್ಣದ ಮಾತೇ ಎತ್ತುವಂತಿಲ್ಲ. ಅಪ್ಪ ಅದನ್ನೇ ಇಲ್ಲೂ ಹೇಳಿದ, ನಮಗ್ಯಾರಿಗೂ ಬೇರೆ ಯೋಚನೆ ಹೊಳೆಯಲಿಲ್ಲ. ಕೊಪ್ಪರಿಗೆಗೆ ಮೇಲೆ ಬಾಯಿ ಇದ್ದೇ ಇರುತ್ತದೆ, ಹೊಸದನ್ನು ಸುರಿಯುವುದು ಯಾವ ದೊಡ್ಡ ಮಾತು? ಹೀಗೆ ಗಿಯರಿನ ಡಬ್ಬಿಗಳು, ಮುಂದಿನ ಗುಂಡು, ಹಿಂದಿನ ಗುಂಡು, ಎಲ್ಲದರ ತಳದ ಬೋಲ್ಟು ಬಿಚ್ಚಿ, ತಗಡಿನ ಬುಟ್ಟಿಯಿಟ್ಟು ಬಸಿದೆವು. ಬಂದದ್ದು ಅರ್ಧ ಎಣ್ಣೆ, ಅರ್ಧ ಮಜ್ಜಿಗೆ. ಸುದ್ದಿ ತಿಳಿದು ಓಣಿಯ ಗಾಡಿಯವರು ತೆಂಗಿನ ಚಿಪ್ಪು ಹಿಡಿದುಕೊಂಡು ಬಂದರು. ಜೀಪಿಗೆ ಕೆಟ್ಟದ್ದು ಎತ್ತಿನ ಗಾಡಿಯ ಕೀಲಿಗೆ ಛಲೋ ಎಂದು ಅಷ್ಟನ್ನೂ ಬಳಿದುಕೊಂಡು ಹೋದರು. ನಾನು ಸಾಹುಕಾರನ ಹಾಗೆ ಹಂಚಿದೆ.

ಆಮೇಲೆ ಹೊಸ ಎಣ್ಣೆ ಹಾಕಲು ಹೊರಟರೆ, ಆ ಡಬ್ಬಿಗಳಿಗೆ ಮೇಲೆ ಬಾಯಿಯೇ ಇರಲಿಲ್ಲ. ಇದ್ದದ್ದು ಮಗ್ಗುಲಲ್ಲಿ, ಬೋಲ್ಟು ಬಿಗಿದ ಸಣ್ಣ ತೂತು. ಉಳಿದವು ಹೇಗೋ ಬಿಚ್ಚಿಕೊಂಡವು. ಹಿಂದಿನ ಗುಂಡಿನದು ಮಾತ್ರ ಅಲುಗಲಿಲ್ಲ. ನಾನು ಎಳೆದೆ, ಪಾನಾಕ್ಕೆ ಒನಕೆ ಸಿಕ್ಕಿಸಿ ಎಳೆದೆ. ಪಾನಾ ಜಾರಿ ನನ್ನ ಗದ್ದಕ್ಕೆ ಬಡಿಯಿತು. ಇನ್ನೊಮ್ಮೆ ಜಾರಿದಾಗ ಬೋಲ್ಟಿನ ಮೂಲೆಗಳು ಸವೆದು ಹೊಳೆಯುತ್ತಿದ್ದವು. ಕಾಕಾ ಬಗ್ಗಿ ನೋಡಿ, ಇನ್ನೊಂದು ಸಲ ಜಾರಿದರೆ ಅದು ಬೋಲ್ಟಲ್ಲ, ಗೋಲಿ ಎಂದ. ಹಳೆಯ ಎಣ್ಣೆ ಓಣಿಯ ಗಾಡಿಗಳಿಗೆ ಹೋಗಿತ್ತು. ಹೊಸದಕ್ಕೆ ದಾರಿಯಿರಲಿಲ್ಲ. ಒಣ ಹಲ್ಲಿನ ಮೇಲೆ ಗಾಡಿ ಅಂಗಳವನ್ನೂ ದಾಟುವಂತಿರಲಿಲ್ಲ. ಮಜ್ಜಿಗೆಯಾದರೂ ಇದ್ದಿದ್ದರೆ ಅರ್ಧ ದಾರಿಗೆ ಹೋಗುತ್ತಿತ್ತೋ ಏನೋ, ಅದನ್ನೂ ನಾನು ದಾನ ಮಾಡಿದ್ದೆ.

ಅವ್ವ ಅಕ್ಕನ ಬಾಣಂತನಕ್ಕೆಂದು ಒಗೆದಿಟ್ಟ ಹಳೆಯ ಮೆತ್ತನೆ ಸೀರೆಗಳನ್ನು ಮಡಿಚುತ್ತ ಬಾಗಿಲಲ್ಲಿ ಕುಳಿತಿದ್ದಳು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ನಾನು ಕೆಳಗಿನಿಂದ ಅವಳ ಕೈ ಮಾತ್ರ ನೋಡುತ್ತಿದ್ದೆ.

ಅಪ್ಪ ಬಂದು ಕುಕ್ಕರುಗಾಲಲ್ಲಿ ಕುಳಿತ. ಬಯ್ಯುತ್ತಾನೆಂದು ಕಾದೆ. ಅವನು ಕೇಳಿದ್ದು ಒಂದೇ ಮಾತು.

“ಮಿಸ್ತ್ರಿ ಹೂಂ ಅಂತಿದ್ದನಲ್ಲ, ಆವಾಗ ಏನ ನೋಡತಿದ್ದ ಅಂವ?”

ನಾನು ಕಣ್ಣು ಮುಚ್ಚಿ ಮಿಸ್ತ್ರಿಯನ್ನು ನೆನಪಿಗೆ ತಂದುಕೊಂಡೆ. ಪಾನಾ ತಾಗುತ್ತಿತ್ತು, ಮೊಣಕೈ ಒಮ್ಮೆ ಬಿಗಿಯುತ್ತಿತ್ತು, ಆಮೇಲೆ ‘ಹೂಂ’. ಅವನು ಆ ಮಗ್ಗುಲಿನ ಬೋಲ್ಟು ಬಿಚ್ಚುತ್ತದೋ ಇಲ್ಲವೋ ಎಂದು ಮೊದಲೇ ಸಡಿಲಿಸಿ ನೋಡುತ್ತಿದ್ದ. ಅದು ಬಿಚ್ಚಿದ ಮೇಲೆ ಮಾತ್ರ ಕೆಳಗಿನದಕ್ಕೆ ಕೈ ಹಾಕುತ್ತಿದ್ದ. ಇಷ್ಟು ದಿನ ಕಟ್ಟೆಯ ಮೇಲೆ ನಾನು ಆ ಕೆಲಸದ ಮುಖ್ಯ ಮಾತನ್ನೇ ಆಡಿ ತೋರಿಸುತ್ತಿದ್ದೆ. ಜನ ಅದಕ್ಕೇ ಹೆಚ್ಚು ನಗುತ್ತಿದ್ದರು.

ಕಾಯಿಸಿದರೆ ಬಿಟ್ಟೀತು ಎಂದ ಅಪ್ಪ. ಕೊಪ್ಪರಿಗೆಯ ಮುಚ್ಚಳ ಹಿಡಿದುಕೊಂಡಾಗ ಅವನು ಹಾಗೇ ಮಾಡುತ್ತಿದ್ದ. ಆದರೆ ಪೆಟ್ರೋಲು ತುಂಬಿದ ಗಾಡಿಯ ಕೆಳಗೆ ಕೆಂಡ ಇಡಲು ಕಾಕಾ ಬಿಡಲಿಲ್ಲ. ಬಿಸಿನೀರು ಬೇಕು, ಮಳಮಳ ಕುದಿಯುವಂಥದು. ಹೊಸ ನೀರು ಸೇದಿ ಕಾಯಿಸುವಷ್ಟರಲ್ಲಿ ಕತ್ತಲಾಗುತ್ತಿತ್ತು. ಚಪ್ಪರದಲ್ಲಿ ಕುದಿಯುತ್ತಿದ್ದದ್ದು ಒಂದೇ, ಮರುವಾರದ ದಡಿಯ ನೂಲಿಗೆಂದು ಅಪ್ಪ ಹದಕ್ಕೆ ತಂದಿದ್ದ ಕೆಂಪು. ಅಪ್ಪ ಒಂದು ಗಳಿಗೆ ಅದರ ಮುಂದೆ ನಿಂತ. ಆಮೇಲೆ ತಾನೇ ತಂಬಿಗೆ ಮುಳುಗಿಸಿದ.

ತಂಬಿಗೆಯ ಮೇಲೆ ತಂಬಿಗೆ ಆ ಗುಂಡಿನ ಮೇಲೆ ಸುರಿದೆವು. ಹಬೆಯೆದ್ದಿತು. ಹಸಿರು ಜೀಪಿನ ಹಿಂಭಾಗ, ಗಾಲಿ, ಅಚ್ಚು, ನನ್ನ ಅಂಗಿ, ಎಲ್ಲ ಕೆಂಪಾದವು. ಕಾಕಾ ಪಾನಾದ ಬಾಯಿಗೆ ಅರಿವೆ ಸುತ್ತಿ ಬಿಗಿಯಾಗಿ ಕೂರಿಸಿದ, ನಾನು ಒನಕೆ ಹಿಡಿದೆ. ಜಾರಿದರೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು, ಹಾಗಾಗಿ ಇಬ್ಬರೂ ಉಸಿರು ಬಿಡಲಿಲ್ಲ. ಬೋಲ್ಟು ಕಿರ್ರೆಂದಿತು. ಅದಕ್ಕಿಂತ ಇಂಪಾದ ದನಿಯನ್ನು ನಾನು ಇಂದಿಗೂ ಕೇಳಿಲ್ಲ, ಅದನ್ನು ಅನುಕರಿಸಲೂ ಬಂದಿಲ್ಲ.

ಆ ತೂತಿಗೆ ಎಣ್ಣೆ ಸುರಿಯುವುದು ಹೇಗೆ ಎಂಬುದು ಇನ್ನೊಂದು ಫಜೀತಿ. ಜೇನಿಗಿಂತ ಮಂದ ಎಣ್ಣೆ, ಮಗ್ಗುಲಿನ ತೂತು, ಮೇಲೆ ಗಾಡಿ. ರಂಗಪಂಚಮಿಯ ಹಿತ್ತಾಳೆ ಪಿಚಕಾರಿ ಅಟ್ಟದ ಮೇಲಿತ್ತು. ಅದರಲ್ಲಿ ಎಳೆದೆಳೆದು ಒಳಗೆ ಹೊಡೆದೆ. ತೂತಿನ ಅಂಚಿಗೆ ಎಣ್ಣೆ ಬಂದು ಹೊರಗೆ ಇಣುಕುವ ತನಕ ಹೊಡೆದೆ. ವರ್ಷಕ್ಕೊಮ್ಮೆ ಊರ ಮಂದಿಯ ಅಂಗಿ ಹಾಳು ಮಾಡಿದ ಪಿಚಕಾರಿ ಅಂದು ಪಾಪ ತೊಳೆದುಕೊಂಡಿತು.

ಮರುದಿನ ನಸುಕಿನಲ್ಲಿ ಕಾಕಾ ಮತ್ತು ನಾನು ಹೊರಟೆವು. ಜಮಖಂಡಿ ದಾಟುವ ತನಕ ಹಿಂದಿನ ಗುಂಡಿನ ಸದ್ದು ಕೇಳುತ್ತ ಕುಳಿತೆವು. ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂಬ ಹೆದರಿಕೆ, ಗುಂಯ್ ಎಂದರೆ ಯಾಕೆ ಗುಂಯ್ ಎಂದಿತು ಎಂಬ ಹೆದರಿಕೆ. ಮತ್ತೆ ಮತ್ತೆ ಗಾಡಿ ನಿಲ್ಲಿಸಿ, ಕಾಕಾ ಕೆಳಗೆ ಕೈ ಹಾಕಿ ಗುಂಡನ್ನು ಮುಟ್ಟಿ ನೋಡುತ್ತಿದ್ದ, ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ. ಎರೆ ದಾರಿಯಲ್ಲಿ ಗಾಲಿ ಜಾರಿತು, ಮತ್ತೆ ಹಿಡಿಯಿತು. ಗಲಗಲಿ ಊರ ಹತ್ತಿರದ ಹಳ್ಳದಲ್ಲಿ ನೀರು ಕಡಿಮೆಯಿತ್ತು. ಕಾಕಾ ಎಲ್ಲೂ ನಿಲ್ಲಿಸದೆ ದಾಟಿಸಿದ, ಆಚೆ ದಂಡೆಗೆ ಬಂದ ಮೇಲೆ ಹಣೆಯ ಬೆವರು ಒರೆಸಿಕೊಂಡು ಮೀಸೆ ಮುಟ್ಟಿಕೊಂಡ.

ಆ ಹಳ್ಳದ ನೀರು ಏನು ಮಾಡಿದೆ ಎಂದು ನಮಗೆ ತಿಳಿದದ್ದು ಗಲಗಲಿಯ ಅಂಗಳದಲ್ಲಿ ಜೀಪು ನಿಂತ ಮೇಲೆ. ಒಣಗಿ ಅಂಟಿದ್ದ ಬಣ್ಣ ನೆನೆದು ಬಿಟ್ಟಿತ್ತು. ಜೀಪಿನ ಹಿಂಭಾಗದಿಂದ ಕೆಂಪು ತಟತಟ ತೊಟ್ಟಿಕ್ಕುತ್ತಿತ್ತು.

ಅಕ್ಕ ಗಂಟು ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಅವಳ ಕಾಲು ನೋಡಿ ನನಗೆ ಅವ್ವ ಉಣ್ಣದ ಕಾರಣ ತಿಳಿಯಿತು. ಬೆರಳು ಒತ್ತಿದರೆ ಗುಳಿ ಉಳಿಯುವಂತಿತ್ತು. ಅತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದವರು ಆ ಕೆಂಪು ಕಂಡು ಮೆಟ್ಟಿಲ ಮೇಲೇ ನಿಂತರು.

“ರಗತಾ ಸುರಿಯೂ ಗಾಡ್ಯಾಗ ಬಸರಿ ಹೆಣಮಗಳನ್ನ ಕೂಡಸೂದಿಲ್ಲ ನಾ. ತಿರಗಿ ಹೋಗ್ರಿ.”

ಕಾಕಾ ಹಳ್ಳದ ಕತೆ, ಮಜ್ಜಿಗೆಯ ಕತೆ, ಬೋಲ್ಟಿನ ಕತೆ ಎಲ್ಲ ಹೇಳಿದ. ಹೇಳಿದಷ್ಟೂ ಅವರ ಮುಖ ಗಟ್ಟಿಯಾಯಿತು. ಬಣ್ಣವೇ ಇರಲಿ, ಹೊರಡುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಶಕುನ ಶಕುನವೇ ಎಂದರು. ನಾನು ನಡುವೆ ಬಾಯಿ ಹಾಕಿದೆ. ಹೆದರಿದಾಗ ನನಗೊಂದು ಕೆಟ್ಟ ಚಾಳಿ, ಎದುರಿಗಿದ್ದವರ ದನಿಯಲ್ಲೇ ಮಾತು ಹೊರಡುತ್ತದೆ. ಮದುವೆಯಲ್ಲಿ ನಾನು ಇವರನ್ನೇ ಅನುಕರಿಸಿ ಇವರ ಕೈಗೇ ಸಿಕ್ಕಿಬಿದ್ದಿದ್ದೆ. ಇಂದು ಖರೇನೇ ಹೇಳುತ್ತಿದ್ದರೂ ಅವರ ಮೂಗಿನ ದನಿಯಲ್ಲೇ ಹೇಳಿದೆ. ಅವರು ಆರತಿ ತಟ್ಟೆಯನ್ನು ಕೆಳಗಿಟ್ಟು, ಈ ಹುಡುಗನ ಮಾತು ಯಾವಾಗ ಖರೆ ಯಾವಾಗ ಸೋಗು ದೇವರಿಗೇ ಗೊತ್ತು, ಹೆರಿಗೆ ಇಲ್ಲೇ ಆಗಲಿ ಎಂದು ಒಳಗೆ ತಿರುಗಿದರು. ಕಾಕಾನ ಕೈ ಮೀಸೆಯಿಂದ ಕೆಳಗೆ ಬಿತ್ತು. ನನಗೆ ಬಾಗಿಲಲ್ಲಿ ಸೀರೆ ಮಡಿಚುವ ಕೈಗಳು ಕಣ್ಣ ಮುಂದೆ ಬಂದವು. ಬರಿಗೈಯಲ್ಲಿ ಹೋಗಿ ಅವಳಿಗೆ ಏನು ಹೇಳುವುದು, ಯಾರ ದನಿಯಲ್ಲಿ ಹೇಳುವುದು?

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಎದ್ದಳು. ಮೆಟ್ಟಿಲಿಳಿದು, ಆ ಬಾತ ಕಾಲಿನಲ್ಲಿ ಅಂಗಳ ದಾಟಿ ಜೀಪಿನ ಹತ್ತಿರ ಬಂದಳು. ತೊಟ್ಟಿಕ್ಕುವ ಕೆಂಪಿಗೆ ಒಂದು ಬೆರಳು ಮುಟ್ಟಿಸಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಅತ್ತೀ, ಇದು ನಮ್ಮಪ್ಪನ ಕೊಪ್ಪರಿಗಿ ಕೆಂಪರೀ. ನೀವು ಉಟ್ಟ ಈ ಮದವಿ ಸೀರಿ ಸೆರಗಿನ್ಯಾಗೂ ಇದ ಐತಿ. ಇದು ಅಪಶಕುನಾ ಅಂದ್ರ ಒಳಗ ಹೋಗಿ ಸೀರಿ ಬದಲಿಸಿಕೊಂಡ ಬರ್ರಿ, ಅಲ್ಲೀತನಾ ನಾ ಗಾಡ್ಯಾಗ ಕುಂತಿರತೇನಿ.”