ಜಪಾನಿನಲ್ಲಿ ಉಮಿ ಬಿಟ್ಟು ನೋಡಿದ್ದು

ಈ ಊರಿನ ಯಾರ ಮನೆಯೊಳಗೂ ಕಾಲಿಡುವ ಮೊದಲೇ ನಾನು ಇಲ್ಲಿಯವರ ಹೃದಯದ ರಕ್ತನಾಳದೊಳಗೆ ಹೋಗಿ ಬಂದೆ. ಪರದೆಯ ಮೇಲೆ ಮರದ ಕೊರಡನ್ನು ಅಡ್ಡ ಕೊಯ್ದಂಥ ಬೂದು ಬಳೆಗಳು, ನಡುವೆ ಮಿಡಿಯುವ ಒಂದು ಕಪ್ಪು ಕಣ್ಣು. ತೋರಿಸಿದವರು ಮೊರಿ ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ, ಮೊರಿ ಎಂದರೆ ಕಾಡು. ಹೊಸನಗರದ ಕಾಡಿನಿಂದ ಬಂದವಳಿಗೆ ಜಪಾನಿನಲ್ಲಿ ಕೆಲಸ ಕಲಿಸಲು ಸಿಕ್ಕಿದ್ದೂ ಕಾಡೇ.

ಸಾಗರ ಪೇಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿದ್ದಾಗ ನಾವು ದೇಹವನ್ನು ಹೊರಗಿನಿಂದ ನೋಡುತ್ತಿದ್ದೆವು. ಇಲ್ಲಿ ಶಾವಿಗೆಯಷ್ಟು ಸಣ್ಣ ನಳಿಗೆಯನ್ನು ಮಣಿಕಟ್ಟಿನಿಂದ ಹೃದಯದವರೆಗೆ ಕಳಿಸುತ್ತಾರೆ. ಅದರ ತುದಿಯಿಂದ ಹೊರಡುವ, ಕಿವಿಗೆ ಕೇಳದ ಸದ್ದು ನಾಳದ ಗೋಡೆಗೆ ಬಡಿದು ಮರಳಿ ಚಿತ್ರವಾಗುತ್ತದೆ. ಗೋಡೆಯಲ್ಲಿ ಕೊಬ್ಬು ತುಂಬಿ ಉಬ್ಬಿದ್ದಕ್ಕೆ ಪ್ಲಾಕ್ ಎನ್ನುತ್ತಾರೆ. ಅದರ ಮೇಲಿನ ತೆಳು ಪೊರೆ ಹರಿದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಹಾಗೆ ಹರಿದ ಜಾಗವನ್ನು ಚಿತ್ರಗಳಲ್ಲಿ ಹುಡುಕುವುದು ನಮ್ಮ ಅಧ್ಯಯನ. ಅವರೂ ನಾನೂ ಬೇರೆಬೇರೆ ಕೂತು ಗುರುತು ಹಾಕಬೇಕು. ಚಳಿಗಾಲದೊಳಗೆ ನನ್ನ ಗುರುತು ಮೊರಿ ಸಾನ್ ಗುರುತಿಗೆ ಹೊಂದದಿದ್ದರೆ ನನಗೆ ಊರಿನ ದಾರಿ.

ನನ್ನ ಗುರುತು ನೋಡಿ ಅವರು "ಚೊತ್ತೊ..." ಎಂದು ನಿಲ್ಲಿಸುತ್ತಿದ್ದರು. 'ಸ್ವಲ್ಪ' ಎಂದರ್ಥ. ಮುಂದಿನ ಮಾತು ಬರುವುದಿಲ್ಲ. ನಮ್ಮಲ್ಲಿ ಹೆಣ್ಣು ಕೇಳಲು ಬಂದವರಿಗೆ "ನೋಡುವ" ಎಂದ ಹಾಗೆ.

ಕೋಣೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಅಂಟು ಅನ್ನ, ಜೊತೆಗೆ ಉಮೆಬೋಷಿ ಎಂಬ ಉಪ್ಪಿನಲ್ಲಿಟ್ಟ ಹುಳಿ ಹಣ್ಣು, ನಮ್ಮ ಮಿಡಿ ಉಪ್ಪಿನಕಾಯಿಯ ದೂರದ ನೆಂಟ. ಬಾಗಿಲಲ್ಲೇ ಗೆಂಕಾನ್, ಚಪ್ಪಲಿ ಬಿಡುವ ತಗ್ಗು. ನಮ್ಮ ಜಗಲಿಯ ಕೆಳಗೆ ಚಪ್ಪಲಿ ಹೇಗೆ ಬಿದ್ದರೂ ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನು ಹೊರಗೆ ಮುಖ ಮಾಡಿ ಇಡಬೇಕು. ಇಡಲು ಕಲಿತೆ. ಸೋತು ಮಾತ್ರ ಅದನ್ನು ಮೆಟ್ಟಿ ಹೊರಡುವುದಿಲ್ಲ ಎಂದುಕೊಂಡೆ.

ಒಂದು ಭಾನುವಾರ ಅಮ್ಮ ವೀಡಿಯೊ ಕಾಲ್ ಮಾಡಿದಳು. "ನಾಟಿ ಮಾಡಿದ್ ಗದ್ದೇಲಿ ನೀರೇ ನಿಲ್ತಿಲ್ಲ ಕಣೆ. ಏಡಿ ಎಲ್ ಕೊರ್ದಿದ್ಯೋ. ನಿಮ್ಮಜ್ಜಿ ನೋಡು, ಬೆಳಿಗ್ಗಿಂದ ಅಂಚಿನ್ ಮೇಲೇ ಕೂತಿದೆ."

ಫೋನ್ ತಿರುಗಿಸಿದಳು. ಅಜ್ಜಿ ಬತ್ತದ ಉಮಿಯನ್ನು ನೀರಿನ ಮೇಲೆ ಉದುರಿಸುತ್ತಿದ್ದಳು. ಅಂಚಿನಲ್ಲಿ ತೂತುಗಳು ಬೇಕಾದಷ್ಟು.

"ಅಲ್ಲೇ ದೊಡ್ಡ ತೂತು ಕಾಣ್ತಲ್ಲ ಅಜ್ಜಿ."

"ಜಪಾನಲ್ ಕೂತ್ಕಂಡು ನಂಗೆ ತೂತು ತೋರಿಸ್ತಾಳೆ. ಅದು ನೀರು ಕುಡಿಯಲ್ಲ. ಸುಮ್ನೆ ನೋಡು, ಉಮಿ ಎಲ್ ಹೋಗುತ್ತೆ ಅಂತ."

ಉಮಿ ದೊಡ್ಡ ತೂತನ್ನು ದಾಟಿ, ಹುಲ್ಲಿನ ಮರೆಯ ಸಣ್ಣ ಸಂದಿಯೊಂದಕ್ಕೆ ಸರ್ರನೆ ನುಗ್ಗಿತು.

ಮಾರನೇ ದಿನ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆರೆದೆ. ನಿಲ್ಲಿಸಿದ ಚಿತ್ರದಲ್ಲಿ ಕಂಡ ಕಪ್ಪು ಗುಳಿಗಳಿಗೆಲ್ಲ ನಾನು ಗುರುತು ಹಾಕಿದ್ದೆ. ಆದರೆ ಪೊರೆ ಹರಿಯದೆ ಒಳಗೇ ಇರುವ ಕೊಬ್ಬೂ ಹಾಗೇ ಕಪ್ಪಾಗಿ ಕಾಣುತ್ತದೆ. ವೈದ್ಯರು ನಳಿಗೆಯಲ್ಲಿ ಉಪ್ಪುನೀರು ತಳ್ಳುವ ಗಳಿಗೆಯೊಂದು ದಾಖಲೆಯಲ್ಲಿ ಇರುತ್ತದೆ. ಅದನ್ನು ನಾನು ಹಾರಿಸಿಬಿಡುತ್ತಿದ್ದೆ. ಈಗ ಓಡಿಸಿ ನೋಡಿದೆ. ದೊಡ್ಡ ಗುಳಿಗಳು ಮಿಸುಕಲಿಲ್ಲ. ಮೂಲೆಯ ಸಣ್ಣದೊಂದಕ್ಕೆ ಉಪ್ಪುನೀರಿನ ಗುಳ್ಳೆಗಳು ಬಿಳಿ ಚುಕ್ಕೆಗಳಾಗಿ ಸುಳಿದು ನುಗ್ಗಿದವು. ಹರಿದಿದ್ದು ಅಲ್ಲಿ.

ಈ ಸಲ ಮೊರಿ ಸಾನ್ ಚೊತ್ತೊ ಎನ್ನಲಿಲ್ಲ. "ಓಡಿಸಿ ನೋಡು ಅಂತ ಮೊದಲ ವಾರವೇ ಹೇಳಿದ್ದೆ. ನೀನು ಹಾಯ್ ಹಾಯ್ ಅಂದೆ," ಎಂದರು. ಹಾಯ್ ಎಂದರೆ ಹೂಂ. ಅರ್ಥವಾಗದ ಮಾತಿಗೆಲ್ಲ ನಾನು ಆಗ ಹೂಂಗುಟ್ಟುತ್ತಿದ್ದೆ.

ಚಳಿ ಬೀಳುವ ಹೊತ್ತಿಗೆ ನಮ್ಮ ಗುರುತುಗಳು ಹೊಂದತೊಡಗಿದವು. ನನ್ನನ್ನು ಉಳಿಸಿಕೊಂಡರು. ಸಂತೋಷದಲ್ಲಿ ಮನೆಗೆ ಫೋನ್ ಮಾಡಿ, ಉಮಿಯ ಉಪಾಯವೇ ಇಲ್ಲೂ ತೂತು ಹಿಡಿದುಕೊಟ್ಟಿತು ಎಂದೆ. ಅಜ್ಜಿ ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡಳು.

"ಹಂಗಾದ್ರೆ ಈ ಸಲ ಕೊಯ್ಲಿಗೂ ಬರದಿಲ್ಲ ಅನ್ನು."

"ಇಲ್ಲ ಅಜ್ಜಿ. ಪೂರ್ತಿ ಕಲ್ತೇ ಬರೋದು."

"ಕಲಿ, ಕಲಿ. ತೂತು ಹುಡುಕಿದ್ರೆ ಆಗ್ಲಿಲ್ಲ, ಮಣ್ಣು ಮೆತ್ತಿ ಮುಚ್ಚಕ್ಕೂ ಕಲ್ಕಂಡ್ ಬಾ. ಇಲ್ಲೂ ಎದೆ ಹಿಡ್ಕಂಡು ಶಿವಮೊಗ್ಗಕ್ಕೆ ಓಡೋರಿದಾರೆ."

ಫೋನ್ ಇಟ್ಟು ಎದ್ದೆ. ಗೆಂಕಾನಿನಲ್ಲಿ ನನ್ನ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿತ್ತು, ಊರ ಜಗಲಿಯ ಕೆಳಗೆ ಬಿದ್ದ ಹಾಗೆ. ಬಗ್ಗಿ ಜೋಡಿಸಿದೆ, ಬಾಗಿಲಿಗೆ ಮುಖ ಮಾಡಿ.